ಅಟ್ಟದ ವೀಣೆಯನ್ನು ಕೆಳಗಿಳಿಸುವವರಿಗೆ

ಕೆಲಸ ಬದಲಾಯಿಸಿದ ಮೇಲೆ ಹಲವರಿಗೆ ಮೊದಲು ನೆನಪಾಗುವುದು ಅರ್ಧಕ್ಕೆ ಬಿಟ್ಟ ಸಂಗೀತ. ಹೊಸ ಉದ್ಯೋಗದಲ್ಲಿ ಸಂಜೆ ಹೊತ್ತಿಗೆ ಮನೆ ಸೇರಬಹುದು, ರಾತ್ರಿ ಪಾಳಿಯ ಕಾಟವಿಲ್ಲ, ಸಂಬಳ ತುಸು ಇಳಿದರೂ ಶನಿವಾರ ನಮ್ಮ ಕೈಯಲ್ಲಿರುತ್ತದೆ. ಪದವಿ ಮುಗಿಯುವವರೆಗೆ ವೀಣೆ ಕಲಿತು, ಸೀನಿಯರ್ ಪರೀಕ್ಷೆಯನ್ನೂ ಪಾಸು ಮಾಡಿ, ಕೆಲಸ ಸಿಕ್ಕಿದ ಕೂಡಲೇ ವಾದ್ಯವನ್ನು ಗವಸಿನೊಳಗೆ ತೂರಿಸಿ ಅಟ್ಟಕ್ಕೆ ಏರಿಸಿದವರು ನಮ್ಮಲ್ಲಿ ಕಡಿಮೆಯೇನಿಲ್ಲ. ನಾನು ಬ್ಯಾಂಕ್ ನೌಕರಿ ಬಿಟ್ಟು ಶಾಲೆಗೆ ಸೇರಿದಾಗ ಹಿಡಿದದ್ದೂ ಇದೇ ಹಾದಿ. ಆಮೇಲೆ ಇದೇ ಹಾದಿಯಲ್ಲಿ ಬಂದವರು ಕೇಳಿದಾಗಲೆಲ್ಲ ಹೇಳುತ್ತಾ ಬಂದದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಹಾಡುಗಾರಿಕೆಗೋ ಪಿಟೀಲಿಗೋ ಮರಳುವವರಿಗೂ ಇದರಲ್ಲಿ ಮುಕ್ಕಾಲು ಪಾಲು ಒಪ್ಪುತ್ತದೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಹೊಸದಾಗಿ ಕಲಿಯುವವರಿಗೆ ಕಿವಿಯೂ ಬೆರಳೂ ಜೊತೆಜೊತೆಯಾಗಿ ಬೆಳೆಯುತ್ತವೆ. ಮರಳಿ ಬಂದವರ ಪಾಡು ಬೇರೆ. ವೀಣೆ ಮುಟ್ಟದ ಅಷ್ಟೂ ವರ್ಷ ನೀವು ಸಂಗೀತ ಕೇಳುವುದನ್ನು ಬಿಟ್ಟಿರಲಿಲ್ಲ. ಕಿವಿ ಎಲ್ಲೋ ಮುಂದೆ ಹೋಗಿಬಿಟ್ಟಿದೆ, ಬೆರಳು ಬಿಟ್ಟ ಜಾಗಕ್ಕಿಂತಲೂ ಹಿಂದೆ ಸರಿದಿದೆ. ಹಾಗಾಗಿ ನಿಮ್ಮ ಅಪಶ್ರುತಿ ನಿಮಗೇ ಮೊದಲಿಗಿಂತ ಚೆನ್ನಾಗಿ ಕೇಳಿಸುತ್ತದೆ. ಹೆಚ್ಚಿನವರು ಎರಡನೆಯ ತಿಂಗಳಲ್ಲಿ 'ಕೈಯೇ ಹೋಯಿತು' ಎಂದು ವೀಣೆಯನ್ನು ಮತ್ತೆ ಗವಸಿಗೆ ಹಾಕುವುದು ಇದೇ ಕಾರಣಕ್ಕೆ. ಈ ಅಂತರ ಇರುವುದೇ ಹಾಗೆ ಎಂದು ಒಪ್ಪಿಕೊಂಡು ಶುರು ಮಾಡಿ.

ಮೊದಲು ವಾದ್ಯ

ರಾಜೀನಾಮೆ ಕೊಟ್ಟು ಹೊಸ ಕೆಲಸಕ್ಕೆ ಸೇರುವವರೆಗಿನ ನೋಟಿಸ್ ಅವಧಿ ವೀಣೆ ರಿಪೇರಿಗೆ ಹೇಳಿ ಮಾಡಿಸಿದ ಕಾಲ. ಆಗ ಆಫೀಸಿನಲ್ಲಿ ನಿಮ್ಮಿಂದ ಯಾರೂ ಹೆಚ್ಚು ನಿರೀಕ್ಷಿಸುವುದಿಲ್ಲ, ರಜೆ ಕೇಳಿದರೆ ಕೊಡುತ್ತಾರೆ. ಹೊಸ ಕೆಲಸದ ಮೊದಲ ವಾರಗಳಲ್ಲಿ ಇದಕ್ಕೆಲ್ಲ ಓಡಾಡಲು ಆಗುವುದಿಲ್ಲ.

ಅಟ್ಟದಿಂದ ಇಳಿಸಿದ ವೀಣೆಯನ್ನು ಕೂಡಲೇ ಶ್ರುತಿಗೆ ಏರಿಸಲು ಹೋಗಬೇಡಿ. ತುಕ್ಕು ಹಿಡಿದ ತಂತಿ ಬಿರಡೆ (ತಂತಿ ಬಿಗಿಯುವ ಗೂಟ) ತಿರುಗಿಸುತ್ತಿದ್ದಂತೆ ಕಿತ್ತು ಮುಖಕ್ಕೇ ಹಾರಬಹುದು. ಚಾಪೆ ಹಾಸಿ ಮಲಗಿಸಿ, ಒಣ ಬ್ರಷ್‌ನಿಂದ ಮೆಟ್ಟಿಲುಗಳ (ಬೆರಳೊತ್ತುವ ಲೋಹದ ಪಟ್ಟಿಗಳ) ನಡುವಿನ ಧೂಳು ತೆಗೆಯಿರಿ. ಒದ್ದೆ ಬಟ್ಟೆ ತಾಗಿಸಬೇಡಿ. ಆಮೇಲೆ ಬೆಳಕಿನಲ್ಲಿಟ್ಟು ನೋಡಿ. ಕೊಡದ (ದುಂಡನೆಯ ಒಡಲಿನ) ಮೇಲ್ಹಲಗೆಯಲ್ಲಿ ಬಿರುಕು ಬಿಟ್ಟಿದೆಯೇ? ದಂಡಿ (ಉದ್ದನೆಯ ಕತ್ತು) ಬಾಗಿದೆಯೇ? ಕುದುರೆ (ತಂತಿಗಳನ್ನು ಹೊತ್ತ ಸೇತುವೆ) ಅಲುಗುತ್ತಿದೆಯೇ? ಎಡತುದಿಯ ಬುರುಡೆ ಸೋರೆಯದ್ದಾದರೆ ಇಲಿಯೋ ಹುಳುವೋ ತಿಂದಿದೆಯೇ? ಹಲಸಿನ ಮರ ಗಟ್ಟಿ ಜೀವ, ಸಾಮಾನ್ಯವಾಗಿ ಅದಕ್ಕೆ ಏನೂ ಆಗಿರುವುದಿಲ್ಲ. ಕೆಡುವುದು ಮೇಣ.

ವೀಣೆಯ 24 ಮೆಟ್ಟಿಲುಗಳು ನಿಂತಿರುವುದು ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿ ಕಟ್ಟಿದ ಕರಿಯ ಹಾಸಿನ ಮೇಲೆ. ಅಟ್ಟದ ಮೇಲೆ ಹತ್ತಾರು ಬೇಸಿಗೆ ಕಳೆದರೆ ಅದು ಮೆದುವಾಗಿ, ಮತ್ತೆ ಗಟ್ಟಿಯಾಗಿ, ಒಣಗಿ ಬಿರಿಯುತ್ತದೆ. ಮೆಟ್ಟಿಲುಗಳು ಕೂದಲೆಳೆಯಷ್ಟು ಸರಿದರೂ ಸ್ವರಸ್ಥಾನ ಕೆಟ್ಟಿತೆಂದೇ ಲೆಕ್ಕ. ಹೊಸ ತಂತಿ ಕಟ್ಟಿದ ಮೇಲೆ ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಸಾರಣಿಯನ್ನು, ಅಂದರೆ ಮುಖ್ಯ ತಂತಿಯನ್ನು, ಎಲ್ಲೂ ಒತ್ತದೆ ಬಿಟ್ಟ ತಂತಿಯಾಗಿ ಮೀಟಿ, ಆಮೇಲೆ 12ನೆಯ ಮೆಟ್ಟಿಲಿನಲ್ಲಿ ಒತ್ತಿ ಮೀಟಿ. ಮೇಲಿನ ಷಡ್ಜ (ಸ) ಕೆಳಗಿನದರಲ್ಲಿ ಕರಗಬೇಕು. 7ನೆಯದರಲ್ಲಿ ಪಂಚಮ (ಪ) ಬರಬೇಕು. ನಂತರ ಎರಡನೆಯ ತಂತಿ, ಅಂದರೆ ಪಂಚಮದ ತಂತಿಯನ್ನು 5ನೆಯ ಮೆಟ್ಟಿಲಿನಲ್ಲಿ ಒತ್ತಿ. ಅದು ಸಾರಣಿಯ ಬಿಟ್ಟ ತಂತಿಯ ಷಡ್ಜವೇ ಆಗಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಮೇಳ ಕಟ್ಟಿಸಲೇಬೇಕು, ಅಂದರೆ ಮೇಣ ಹಾಕಿ ಮೆಟ್ಟಿಲುಗಳನ್ನು ಮತ್ತೆ ಕೂರಿಸಲೇಬೇಕು. ಇದನ್ನು ಮಾಡಿಸದೆ ಅಭ್ಯಾಸಕ್ಕೆ ಕುಳಿತವರು ವಾದ್ಯದ ತಪ್ಪನ್ನು ತಮ್ಮ ಬೆರಳಿನ ತಪ್ಪೆಂದು ತಿಳಿದು ಕೊರಗುವುದನ್ನು ನೋಡಿದ್ದೇನೆ.

ಮೇಳ ಕಟ್ಟುವುದು ನುರಿತವರ ಕೆಲಸ. ಮೇಣದ ಬತ್ತಿ ಹಿಡಿದು ಸ್ವಂತ ಪ್ರಯೋಗಕ್ಕೆ ಇಳಿಯಬೇಡಿ. ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಈ ಕೆಲಸ ಬಲ್ಲವರಿದ್ದಾರೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ವೀಣೆ ತಯಾರಿಕೆಗೇ ಹೆಸರಾದ ಊರು. ಕುಶಲಕರ್ಮಿಯ ಬಳಿಗೆ ಹೋದಾಗ ಮೂರು ವಿಷಯ ಹೇಳಿ: ಯಾವ ಶ್ರುತಿಯಲ್ಲಿ ನುಡಿಸುತ್ತೀರಿ, ಯಾವ ದಪ್ಪದ ತಂತಿ ಬಳಸುತ್ತೀರಿ, ಹಳೆಯ ಮೆಟ್ಟಿಲುಗಳಲ್ಲಿ ತಂತಿ ಕೊರೆದ ಗೀರು ಇದೆಯೇ. ಮೇಳ ಕಟ್ಟುವುದು ಆ ತಂತಿಯನ್ನು ಆ ಶ್ರುತಿಗೆ ಏರಿಸಿಕೊಂಡೇ ಆದ್ದರಿಂದ ಆಮೇಲೆ ತಂತಿಯ ದಪ್ಪ ಬದಲಾಯಿಸಿದರೆ ಮಾಡಿಸಿದ್ದು ಅಷ್ಟೂ ಹಾಳು. ಗೀರು ಬಿದ್ದ ಮೆಟ್ಟಿಲುಗಳಿಗೆ ಅರ ಹಾಕಿ ನಯ ಮಾಡಿಸಿ. ಗಮಕಕ್ಕೆ, ಅಂದರೆ ಸ್ವರವನ್ನು ತೂಗಿಸಲು, ತಂತಿ ಎಳೆದಾಗ ಗೀರಿಗೆ ಸಿಕ್ಕಿಕೊಂಡು 'ಕರ್' ಎನ್ನುವುದು ತಪ್ಪುತ್ತದೆ. ಖರ್ಚನ್ನು ಮೊದಲೇ ಕೇಳಿಕೊಳ್ಳಿ, ಚೌಕಾಸಿ ಮಾತ್ರ ಬೇಡ. ಸ್ವರಸ್ಥಾನ ಹಿಡಿಯುವ ಕಿವಿ ಇರುವ ಕೈಗಳು ಈಗ ಎಣಿಕೆಗೆ ಸಿಗುವಷ್ಟೇ.

ರಿಪೇರಿಯಾದ ವೀಣೆಯನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ಕಾರಣ ಮೇಲೆಯೇ ಇದೆ.

ಹೊಸ ವೀಣೆ ಕೊಳ್ಳುವ ಆಸೆ ಈ ಹಂತದಲ್ಲಿ ಬರುತ್ತದೆ. ಏಕಾಂಡ, ಅಂದರೆ ಒಂದೇ ಮರದ ತುಂಡಿನಲ್ಲಿ ಕಡೆದದ್ದು ಬೇಕು, 2013ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ತಂಜಾವೂರಿನ ವೀಣೆಯೇ ಬೇಕು ಎನಿಸುತ್ತದೆ. ಒಂದು ವರ್ಷ ತಡೆಯಿರಿ. ಹೊಸ ಕೆಲಸದ ಸಂಬಳ ಹೇಗೆ ಸಾಲುತ್ತದೆ ಎಂಬುದೂ ಅಷ್ಟರಲ್ಲಿ ತಿಳಿಯುತ್ತದೆ.

ವೀಣೆ ಎಲ್ಲಿರಬೇಕು, ಯಾವಾಗ ನುಡಿಸಬೇಕು

'ಸಮಯ ಸಿಗುವುದಿಲ್ಲ' ಎನ್ನುವವರ ಮನೆಗೆ ಹೋದಾಗ ನಾನು ಮೊದಲು ನೋಡುವುದು ವೀಣೆ ಎಲ್ಲಿದೆ ಎಂದು. ಪೆಟ್ಟಿಗೆಯಲ್ಲಿದ್ದರೆ ತೆಗೆದು, ಒರೆಸಿ, ಶ್ರುತಿ ಮಾಡುವಷ್ಟರಲ್ಲಿ ಕುಕ್ಕರ್ ಕೂಗಿರುತ್ತದೆ. ನಡೆದಾಡುವ ದಾರಿಯಿಂದ ಸ್ವಲ್ಪ ಸರಿದು, ಗೋಡೆಯ ಮೂಲೆಯಲ್ಲಿ ಚಾಪೆಯ ಮೇಲೆ, ತೆಳು ಬಟ್ಟೆ ಹೊದಿಸಿ ಇಡಿ. ಬಟ್ಟೆ ಸರಿಸಿದರೆ ನುಡಿಸುವಂತಿರಬೇಕು. ಪುಟ್ಟ ಮಕ್ಕಳಿರುವ ಮನೆಯಾದರೆ ಮಂಚದ ಮೇಲೆ.

ವೇಳೆಯನ್ನು ಹೊಸ ಕೆಲಸವೇ ಗೊತ್ತು ಮಾಡುತ್ತದೆ. ಮೊದಲ ತಿಂಗಳು ಗಮನಿಸಿ: ಯಾವ ಹೊತ್ತಿಗೆ ತಲೆ ಖಾಲಿಯಾಗಿರುತ್ತದೆ? ಶಾಲೆಗೆ ಸೇರಿದವರಿಗೆ ಸಂಜೆ ಮಾತೇ ಬೇಡವೆನಿಸುತ್ತದೆ, ಆಗ ವೀಣೆ ಸುಖ. ಕಂಪ್ಯೂಟರ್ ಮುಂದೆ ಕೂರುವವರಿಗೆ ಬೆಳಗ್ಗೆಯೇ ಮೇಲು, ಏಕೆಂದರೆ ಸಂಜೆಗೆ ಹೆಗಲು ಬಿಗಿದಿರುತ್ತದೆ. ಬೇಕರಿ, ತೋಟ, ಕುಂಬಾರಿಕೆಯಂತಹ ಕೈಕೆಲಸಕ್ಕೆ ಹೋದವರ ಬೆರಳ ಚರ್ಮ ಒರಟಾಗಿ ಬಿರಿದಿರುತ್ತದೆ, ತಂತಿ ಸಿಕ್ಕಿಕೊಳ್ಳುತ್ತದೆ. ಅವರು ರಾತ್ರಿ ಕೈಗೆ ಎಣ್ಣೆ ಹಚ್ಚಿ ಮಲಗಿ ಬೆಳಗ್ಗೆ ಕೂರಬೇಕು. ವೀಣೆಯ ನಾದ ಗೋಡೆ ದಾಟಿ ಹೋಗುವಂಥದ್ದಲ್ಲ, ಆದ್ದರಿಂದ ಅಪಾರ್ಟ್‌ಮೆಂಟಿನ ನೆರೆಯವರ ಭಯ ಬೇಡ. ಈ ವಿಷಯದಲ್ಲಿ ಮೃದಂಗಕ್ಕೆ ಮರಳುವವರ ಬಗ್ಗೆ ನನಗೆ ನಿಜವಾಗಿ ಕನಿಕರ.

ಬೆರಳು ಮತ್ತು ಮೊಣಕಾಲು

ಮೊದಲ ವಾರ ಹದಿನೈದು ನಿಮಿಷ ಸಾಕು. ಉತ್ಸಾಹದಲ್ಲಿ ಒಂದು ಗಂಟೆ ನುಡಿಸಿದರೆ ಎಡಗೈಯ ತೋರುಬೆರಳು, ಮಧ್ಯದ ಬೆರಳುಗಳ ತುದಿಯಲ್ಲಿ ಕೆಂಪು ಗೆರೆ ಬಿದ್ದು, ಮರುದಿನ ಕೀಲಿಮಣೆ ಮುಟ್ಟಿದರೂ ಉರಿಯುತ್ತದೆ. ಚರ್ಮ ಕಾಯಿ ಕಟ್ಟಲು ಕೆಲವು ವಾರ ಬೇಕು, ಅದನ್ನು ಅವಸರಿಸುವ ಉಪಾಯವಿಲ್ಲ. ಹಳಬರು ವೀಣೆಯ ಪಕ್ಕದಲ್ಲಿ ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಚೂರು ಇಟ್ಟುಕೊಳ್ಳುತ್ತಿದ್ದರು. ಬೆರಳಿಗೆ ಅಷ್ಟು ಸವರಿದರೆ ತಂತಿಯ ಮೇಲೆ ಜಾರುವಿಕೆ ಸಲೀಸು. ಬಲಗೈಗೆ ಉಗುರೋ ನಖಿಯೋ (ಬೆರಳಿಗೆ ತೊಡುವ ತಂತಿಯ ಉಗುರು) ಎಂಬುದನ್ನು ನಿಮ್ಮ ಹಳೆಯ ಪಾಠ ಹೇಗಿತ್ತೋ ಹಾಗೆಯೇ ಇಟ್ಟುಕೊಳ್ಳಿ. ಹೊಸ ಕೆಲಸದಲ್ಲಿ ಉಗುರು ಬೆಳೆಸಲು ಆಗದಿದ್ದರೆ ಮಾತ್ರ ನಖಿಗೆ ಬದಲಾಗಿ.

ನಲವತ್ತು ದಾಟಿದವರು ಪದ್ಮಾಸನದ ಹಟ ಹಿಡಿಯಬಾರದು. ದಿಂಬಿನ ಮೇಲೆ ಕುಳಿತರೆ ಸೊಂಟ ಎತ್ತರವಾಗಿ ಮೊಣಕಾಲಿನ ಭಾರ ಇಳಿಯುತ್ತದೆ. ಅದೂ ಆಗದಿದ್ದರೆ ಕುರ್ಚಿಯಲ್ಲಿ ಕುಳಿತು ವೀಣೆಯನ್ನು ಸ್ಟ್ಯಾಂಡಿನ ಮೇಲಿಡಿ. ಎಡ ಮಣಿಕಟ್ಟು ಬಾಗಿ ನೋಯುತ್ತಿದ್ದರೆ ನುಡಿಸುವುದನ್ನು ಅಲ್ಲಿಗೇ ನಿಲ್ಲಿಸಬೇಕು, ಸಹಿಸಿಕೊಂಡು ನುಡಿಸಬಾರದು.

ಮತ್ತೆ ಸರಳೆ, ಆದರೆ ವರ್ಷವಿಡೀ ಅಲ್ಲ

ಸರಳೆ, ಜಂಟಿ, ಅಲಂಕಾರಗಳೆಂಬ ಆರಂಭದ ಸ್ವರಾಭ್ಯಾಸಗಳಿಗೆ ಮರಳುವುದು ಅವಮಾನವೆನಿಸಿದರೆ ಒಂದು ವಿಷಯ ನೆನೆಯಿರಿ. ಈ ಪಾಠಕ್ರಮವನ್ನು ಹಾಕಿಕೊಟ್ಟವರೆಂದು ಸಂಪ್ರದಾಯ ಹೇಳುವ ಪುರಂದರದಾಸರು, ಅದೇ ಸಂಪ್ರದಾಯದ ಪ್ರಕಾರ, ವಜ್ರವ್ಯಾಪಾರ ಬಿಟ್ಟು ತಂಬೂರಿ ಹಿಡಿದವರು. ವೃತ್ತಿ ಬದಲಾಯಿಸಿದವರಿಗೆ ಇದಕ್ಕಿಂತ ದೊಡ್ಡ ಹಿರಿಯಣ್ಣ ಸಿಗಲಾರರು.

ಮಾಯಾಮಾಳವಗೌಳ ರಾಗವನ್ನು ಮೊದಲ ಪಾಠವಾಗಿ ಇಟ್ಟಿರುವ ಚಂದ ವೀಣೆಯ ಮೇಲೆ ಕಣ್ಣಿಗೇ ಕಾಣುತ್ತದೆ. ಸಾರಣಿಯಲ್ಲಿ ಸ ಬಿಟ್ಟ ತಂತಿ. ರಿ 1ನೆಯ ಮೆಟ್ಟಿಲು, ಗ 4, ಮ 5, ಪ 7, ಧ 8, ನಿ 11, ಮೇಲಿನ ಸ 12. ಪಕ್ಕದ ಮೆಟ್ಟಿಲಿಗೆ ಹೆಜ್ಜೆ, ಕೂಡಲೇ ಮೂರು ಮೆಟ್ಟಿಲಿನ ಜಿಗಿತ, ಮತ್ತೆ ಹೆಜ್ಜೆ. ಸ-ರಿ-ಗ-ಮದಲ್ಲಿ ಕೈ ಮಾಡಿದ್ದನ್ನೇ ಪ-ಧ-ನಿ-ಸದಲ್ಲಿ ಮತ್ತೆ ಮಾಡುತ್ತದೆ. ಎಡಗೈಗೆ ದೂರದ ಅಂದಾಜು ಮರಳಿ ಕೊಡಲು ಇದಕ್ಕಿಂತ ಒಳ್ಳೆಯ ವ್ಯಾಯಾಮ ಇಲ್ಲ. ಕಣ್ಣು ಮುಚ್ಚಿ ಮೊದಲ ಕಾಲದಲ್ಲಿ, ಅಂದರೆ ನಿಧಾನದ ವೇಗದಲ್ಲಿ, ನುಡಿಸಿ. 1ರಿಂದ 4ಕ್ಕೆ ಜಿಗಿಯುವಾಗ ಬೆರಳು ಮೆಟ್ಟಿಲಿನ ಅಂಚಿಗೆ ಮುಂಚೆಯೇ ಬೀಳುತ್ತಿದೆಯೋ ದಾಟಿ ಬೀಳುತ್ತಿದೆಯೋ ಗಮನಿಸಿ. ದಾಟಿ ಬಿದ್ದರೆ ಸ್ವರ ಮಂಕಾಗುತ್ತದೆ.

ಮರಳಿ ಬಂದವರಿಗೆ ಇದು ರೋಗ ಪತ್ತೆಯ ಹಂತ ಮಾತ್ರ. ಎರಡು ಮೂರು ವಾರದಲ್ಲಿ ಸರಳೆ, ಜಂಟಿ, ಏಳು ತಾಳಗಳ ಅಲಂಕಾರ ಮೂರು ಕಾಲದಲ್ಲೂ ಒಮ್ಮೆ ಆಗಲಿ. ಎಲ್ಲಿ ಎಡವುತ್ತೀರೋ ಅದನ್ನು ಗುರುತು ಹಾಕಿಕೊಂಡು ಮುಂದೆ ಹೋಗಿ. ಆಮೇಲೂ ದಿನಕ್ಕೆ ಒಂದು ಅಲಂಕಾರ ಇರಲಿ, ಅಷ್ಟೇ. 'ಮೊದಲಿನಿಂದ ಸರಿಯಾಗಿ ಕಲಿಯುತ್ತೇನೆ' ಎಂದು ಆರು ತಿಂಗಳು ಸರಳೆಯಲ್ಲೇ ಕೂತವರು ಏಳನೆಯ ತಿಂಗಳಲ್ಲಿ ಕಾಣಿಸುವುದಿಲ್ಲ.

ಗಮಕಕ್ಕೆ ಒಂದು ಸಣ್ಣ ಅಭ್ಯಾಸ: 4ನೆಯ ಮೆಟ್ಟಿಲಿನ ಸ್ವರವನ್ನು ನೇರವಾಗಿ ಮೀಟಿ ಕೇಳಿಸಿಕೊಳ್ಳಿ. ಈಗ 2ನೆಯ ಮೆಟ್ಟಿಲಿನಲ್ಲಿ ಒತ್ತಿ, ತಂತಿಯನ್ನು ಅಡ್ಡಕ್ಕೆ ಎಳೆದು ಅದೇ ಸ್ವರಕ್ಕೆ ಮುಟ್ಟಿಸಿ. ಮತ್ತೆ 4ರಲ್ಲಿ ತಾಳೆ ನೋಡಿ. ಮೊದಮೊದಲು ಎಳೆತ ಯಾವಾಗಲೂ ಕಡಿಮೆ ಬೀಳುತ್ತದೆ. ಬೆರಳ ನೋವಿಗೆ ಹೆದರಿ ಕೈ ಅರ್ಧದಲ್ಲೇ ನಿಲ್ಲುತ್ತದೆ, ಕಿವಿ ಮಾತ್ರ ಒಪ್ಪುವುದಿಲ್ಲ. ಮೊದಲು ಹೇಳಿದ ಅಂತರ ಬರಿಗಣ್ಣಿಗೆ ಕಾಣುವುದು ಇಲ್ಲೇ. ದಿನಕ್ಕೆ ಐದು ನಿಮಿಷ ಇದೊಂದನ್ನೇ ಮಾಡಿ.

ಮರೆತ ವರ್ಣವನ್ನು ಎಬ್ಬಿಸುವ ಬಗೆ

ಹಳೆಯ ಪಾಠಗಳು ಅಳಿಸಿಹೋಗಿರುವುದಿಲ್ಲ, ಆದರೆ ಅವು ತುಂಡುತುಂಡಾಗಿ ಉಳಿದಿರುತ್ತವೆ. ಮೋಹನ ರಾಗದ ವರ್ಣವನ್ನು (ಗೀತೆಗಳ ನಂತರ ಕಲಿಸುವ ರಚನೆ) ಎತ್ತಿಕೊಂಡರೆ ಪಲ್ಲವಿ, ಅನುಪಲ್ಲವಿ ಬೆರಳಿನಿಂದ ತಾನೇ ಹರಿದು ಬರುತ್ತದೆ. ಚರಣದ ಎತ್ತುಗಡೆ ಸ್ವರಗಳಿಗೆ (ಚರಣದ ಸಾಲಿನ ಜೊತೆ ಬರುವ ಸ್ವರಗುಂಪುಗಳಿಗೆ) ಬಂದಾಗ ಗೊಂದಲ ಶುರು. ಪ್ರತಿ ಎತ್ತುಗಡೆಯೂ ಕೊನೆಗೆ ಚರಣದ ಸಾಲಿಗೇ ಮರಳುವುದರಿಂದ, ಎರಡನೆಯದನ್ನು ನುಡಿಸುತ್ತಿದ್ದವರು ಅರಿವಿಲ್ಲದೆ ನಾಲ್ಕನೆಯದರ ಬಾಲ ಹಿಡಿದಿರುತ್ತಾರೆ. ಆಗ ಎಲ್ಲರೂ ಮಾಡುವುದು ಮತ್ತೆ ಪಲ್ಲವಿಯಿಂದ ಶುರು ಮಾಡುವುದು. ಹೀಗೆ ಮಾಡಿದರೆ ಗೊತ್ತಿರುವ ಭಾಗ ಇನ್ನಷ್ಟು ಗಟ್ಟಿಯಾಗುತ್ತದೆ, ಗೊತ್ತಿಲ್ಲದ್ದು ಅಲ್ಲೇ ಉಳಿಯುತ್ತದೆ.

ಬದಲಿಗೆ ಕೊನೆಯ ಎತ್ತುಗಡೆಯಿಂದ ಶುರು ಮಾಡಿ ಹಿಂದಕ್ಕೆ ಬನ್ನಿ. ಇವತ್ತು ಕೊನೆಯದು, ನಾಳೆ ಅದರ ಹಿಂದಿನದು ಮತ್ತು ಕೊನೆಯದು. ನುಡಿಸುವ ಮೊದಲು ತಾಳ ಹಾಕಿಕೊಂಡು ಸ್ವರಗಳನ್ನು ಹಾಡಿ. ದನಿ ಚೆನ್ನಾಗಿರಬೇಕೆಂದಿಲ್ಲ. ಹಾಡಲು ಬಾರದ್ದು ಬೆರಳಿಗೂ ಬರುವುದಿಲ್ಲ. ಸಿಕ್ಕಿಹಾಕಿಕೊಂಡ ಜಾಗದಲ್ಲಿ ಒಂದು ಆವರ್ತನ (ತಾಳದ ಒಂದು ಸುತ್ತು) ಮಾತ್ರ ಹಿಂದೆ ಹೋಗಿ ಎತ್ತಿಕೊಳ್ಳಿ.

ಹಳೆಯ ನೋಟ್‌ಬುಕ್ ಸಿಕ್ಕರೆ ಭಾಗ್ಯ. ಗುರುಗಳು ಪೆನ್ಸಿಲಿನಲ್ಲಿ ತಿದ್ದಿದ ಗುರುತುಗಳು, ಸ್ವರದ ಮೇಲೆ ಕೆಳಗೆ ಹಾಕಿದ ಸ್ಥಾಯಿಯ ಚುಕ್ಕಿಗಳು ಈಗ ಮೊದಲಿಗಿಂತ ಹೆಚ್ಚು ಅರ್ಥವಾಗುತ್ತವೆ. ಪುಟಗಳು ಉದುರುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಆದರೆ ಆ ಪುಸ್ತಕದಲ್ಲಿರುವುದನ್ನೆಲ್ಲ ವಾಪಸು ಪಡೆಯುವ ಹಟ ಬೇಡ. ಎರಡು ಗೀತೆ, ಒಂದು ವರ್ಣ, ನಿಮಗೆ ನಿಜಕ್ಕೂ ಇಷ್ಟವಾದ ಒಂದು ಕೃತಿ. ಮೊದಲ ವರ್ಷಕ್ಕೆ ಧಾರಾಳ.

ಶ್ರುತಿ ಇಲ್ಲದೆ ಒಂದು ದಿನವೂ ನುಡಿಸಬೇಡಿ. ಎರಡೂವರೆಯೋ ಮೂರು ಮನೆಯೋ (ಹಾರ್ಮೋನಿಯಂ ಕೀಲಿಗಳ ಲೆಕ್ಕದಲ್ಲಿ ಶ್ರುತಿಯ ಎತ್ತರ), ಮೇಳ ಕಟ್ಟಿಸಿದ ಶ್ರುತಿಗೇ ಇರಲಿ. ಮೊಬೈಲಿನ ತಂಬೂರಿ ಆ್ಯಪ್ ಸಾಕು, ಎಲೆಕ್ಟ್ರಾನಿಕ್ ಪೆಟ್ಟಿಗೆಯಿದ್ದರೆ ಇನ್ನೂ ಒಳ್ಳೆಯದು. ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ ಬೆಂಗಳೂರಿನ ಜಿ. ರಾಜ್ ನಾರಾಯಣ್ ಕೊಳಲುವಾದಕರು, ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದವರು. ಹಳೆಯ ವೃತ್ತಿಯ ವಿದ್ಯೆ ಸಂಗೀತದಲ್ಲಿ ವ್ಯರ್ಥವಾಗುತ್ತದೆ ಎಂದು ಕೊರಗುವವರಿಗೆ ಈ ಹೆಸರನ್ನು ಹೇಳುತ್ತೇನೆ.

ಗುರುಗಳ ಬಳಿಗೆ

ಹಳೆಯ ಗುರುಗಳು ಇದ್ದಾರೆಂದರೆ ಅವರಲ್ಲಿಗೇ ಹೋಗಿ. 'ಇಷ್ಟು ವರ್ಷ ಬಿಟ್ಟೆನಲ್ಲ' ಎಂಬ ಸಂಕೋಚ ನಿಮ್ಮದು ಮಾತ್ರ. ಅವರು ಎಷ್ಟೋ ಶಿಷ್ಯರ ಮದುವೆ, ವರ್ಗಾವಣೆ, ಅಮೆರಿಕ ಪ್ರಯಾಣಗಳನ್ನು ಕಂಡಿರುತ್ತಾರೆ. ಹೊಸ ಗುರುಗಳನ್ನು ಹುಡುಕುವುದಾದರೆ ಬಾನಿ (ನುಡಿಸುವ ಶೈಲಿ) ನೋಡಿ. ವೀಣೆ ಶೇಷಣ್ಣ (1852–1926), ಅನಂತರ ವೆಂಕಟಗಿರಿಯಪ್ಪ, ಅವರ ಶಿಷ್ಯ ದೊರೆಸ್ವಾಮಿ ಅಯ್ಯಂಗಾರ್ (1920–1997) ಇವರ ಮೂಲಕ ಬಂದ ಮೈಸೂರು ಬಾನಿಯಲ್ಲಿ ಮೀಟಿನ ಸ್ಪಷ್ಟತೆಗೆ, ಹದವರಿತ ಗಮಕಕ್ಕೆ ಬೆಲೆ ಹೆಚ್ಚು. ತಂಜಾವೂರಿನ ಕಡೆ ತಂತಿಯ ಎಳೆತ ಹೆಚ್ಚು, ನುಡಿಸುವುದು ಗಾಯನಕ್ಕೆ ಹತ್ತಿರ. ಎರಡೂ ದೊಡ್ಡವೇ. ನೀವು ಮೊದಲು ಕಲಿತದ್ದು ಯಾವುದೋ ಅದರ ಗುರು ಸಿಕ್ಕರೆ ಬೆರಳಿಗೆ ಅರ್ಧ ಶ್ರಮ ಉಳಿಯುತ್ತದೆ.

ಮೊದಲ ಭೇಟಿಯಲ್ಲಿ ಕಲಿತದ್ದರ ಪಟ್ಟಿ ಒಪ್ಪಿಸುವ ಬದಲು ಒಂದು ಗೀತೆ ನುಡಿಸಿ ತೋರಿಸಿ. ವಾರಕ್ಕೆ ಎಷ್ಟು ಹೊತ್ತು ಅಭ್ಯಾಸ ಮಾಡಬಲ್ಲಿರಿ ಎಂಬುದನ್ನು ನಿಜವಾಗಿ ಹೇಳಿ. ತರಗತಿಯಲ್ಲಿ ಪಕ್ಕದಲ್ಲಿ ಕುಳಿತ ಹನ್ನೆರಡರ ಹುಡುಗಿ ಮೂರನೆಯ ಕಾಲವನ್ನು ನಗುತ್ತಾ ನುಡಿಸುತ್ತಾಳೆ. ಅದಕ್ಕೆ ಸಿದ್ಧರಾಗಿರಿ.

ಹೊರದೇಶದಲ್ಲಿರುವವರಿಗೆ ಆನ್‌ಲೈನ್ ಪಾಠವೇ ಗತಿ. ಗುರುಗಳ ಜೊತೆಗೆ ಏಕಕಾಲದಲ್ಲಿ ನುಡಿಸಲು ಅದರಲ್ಲಿ ಸಾಧ್ಯವಿಲ್ಲ, ಧ್ವನಿ ತಡವಾಗಿ ತಲುಪುತ್ತದೆ. ಆದ್ದರಿಂದ ಅವರು ನುಡಿಸಿದ್ದನ್ನು ಕೇಳಿ, ನಿಲ್ಲಿಸಿ, ನೀವು ನುಡಿಸುವ ಕ್ರಮವಿರಲಿ. ಕ್ಯಾಮೆರಾ ನಿಮ್ಮ ಮುಖಕ್ಕಲ್ಲ, ಎಡಗೈಗೆ ತಿರುಗಿರಲಿ.

ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ವಿಚಾರ ಕೇಳುತ್ತಾರೆ. ಗಡುವು ಇಲ್ಲದೆ ಕೈ ಓಡದ ಸ್ವಭಾವದವರಿಗೆ ಪರೀಕ್ಷೆ ಒಳ್ಳೆಯದು, ಆದರೆ ಎರಡನೆಯ ವರ್ಷದಿಂದ. ಒಂದು ವೃತ್ತಿಯಿಂದ ಇನ್ನೊಂದಕ್ಕೆ ಹೊರಳಿದ ಬಿಸಿ ಆರುವ ಮೊದಲೇ ವೀಣೆಯನ್ನೂ ಗುರಿ, ಫಲಿತಾಂಶ, ಚಾನೆಲ್, ಚಂದಾದಾರರ ಲೆಕ್ಕಕ್ಕೆ ಎಳೆದವರು ಬೇಗ ದಣಿಯುತ್ತಾರೆ. ವಾರಕ್ಕೊಮ್ಮೆ ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ, ಆದರೆ ಯಾರಿಗೂ ಕಳುಹಿಸಬೇಡಿ. ಎರಡು ದಿನ ಬಿಟ್ಟು ಕೇಳಿ. ನುಡಿಸಿದ ಕೂಡಲೇ ಕೇಳಿದರೆ ಕಿವಿ ತೀರಾ ನಿಷ್ಠುರ. ತಡೆದು ಕೇಳಿದರೆ ತಾಳದ ತಂತಿಗಳ (ತಾಳಕ್ಕೆ ಮೀಟುವ ಪಕ್ಕದ ತಂತಿಗಳ) ಶ್ರುತಿ ಇಳಿದದ್ದು, ಸಂಗತಿಗಳಲ್ಲಿ (ಒಂದೇ ಸಾಲಿನ ಬದಲಾದ ನಡೆಗಳಲ್ಲಿ) ಲಯ ಓಡಿದ್ದು ನಿಚ್ಚಳವಾಗಿ ಕೇಳುತ್ತದೆ.

ಜನರ ನಡುವೆ

ಪಾಠ ಶುರು ಮಾಡಲು ವಿಜಯದಶಮಿಗಿಂತ ಒಳ್ಳೆಯ ದಿನ ನಮ್ಮಲ್ಲಿಲ್ಲ. ಸರಸ್ವತಿ ಪೂಜೆಗೆ ಇಟ್ಟ ವೀಣೆಯನ್ನು ಅಂದು ಎತ್ತಿಕೊಂಡು ನುಡಿಸುವುದು ಪದ್ಧತಿ. ಕೇಳುವುದಕ್ಕೆ, ಬೆಂಗಳೂರಿನಲ್ಲಿರುವವರು 1939ರಿಂದ ನಡೆದುಬಂದಿರುವ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವಕ್ಕೆ ಹೋಗಬಹುದು. ವೀಣೆ ಕಚೇರಿಯಿದ್ದ ದಿನ ಕಲಾವಿದರ ಎಡಗೈ ಕಾಣುವ ಜಾಗ ಹಿಡಿಯಿರಿ.

ನುಡಿಸುವುದಕ್ಕೆ, ಮೊದಲ ವರ್ಷದ ಗುರಿಯಾಗಿ ನಾನು ಹೇಳುವುದು ತ್ಯಾಗರಾಜರ ಆರಾಧನೆಯ ಗೋಷ್ಠಿ. ಪುಷ್ಯ ಬಹುಳ ಪಂಚಮಿಯ ಸುಮಾರಿಗೆ ಊರೂರಲ್ಲಿ ನಡೆಯುತ್ತದೆ, ಸಾಮಾನ್ಯವಾಗಿ ಜನವರಿಯಲ್ಲಿ. ನಾಟ, ಗೌಳ, ಆರಭಿ, ವರಾಳಿ, ಶ್ರೀ ರಾಗಗಳ ಐದು ಪಂಚರತ್ನ ಕೃತಿಗಳನ್ನು ಎಲ್ಲರೂ ಒಟ್ಟಿಗೆ ಹಾಡಿ ನುಡಿಸುತ್ತಾರೆ. ನಿಮ್ಮ ತಪ್ಪು ಅಷ್ಟು ಜನರ ನಡುವೆ ಯಾರಿಗೂ ಕೇಳುವುದಿಲ್ಲ, ತಾಳ ತಪ್ಪಿದರೆ ಮುಂದಿನ ಚರಣಕ್ಕೆ ಸೇರಿಕೊಳ್ಳಬಹುದು. ಐದೂ ಬರಬೇಕೆಂದಿಲ್ಲ. ಒಂದು ಬಂದರೂ ಅದನ್ನು ನುಡಿಸಿ, ಉಳಿದದ್ದಕ್ಕೆ ಸುಮ್ಮನೆ ತಾಳದ ತಂತಿ ಮೀಟುತ್ತಾ ಕುಳಿತಿರಿ. ಗೋಷ್ಠಿಯ ಶ್ರುತಿ ಎಷ್ಟು ಮನೆ ಎಂದು ಒಂದು ವಾರ ಮೊದಲೇ ವಿಚಾರಿಸಿ. ನಿಮ್ಮದಕ್ಕಿಂತ ಅರ್ಧ ಮನೆ ಹೆಚ್ಚು ಕಡಿಮೆಯಿದ್ದರೆ ಮನೆಯಲ್ಲೇ ಎರಡು ದಿನ ಮೊದಲು ತಂತಿಗಳನ್ನು ಆ ಶ್ರುತಿಗೆ ಹೊಂದಿಸಿ ಒಗ್ಗಲು ಬಿಡಿ. ಅಲ್ಲಿಗೆ ಹೋದ ಮೇಲೆ ಲಂಗರಿನ (ಕುದುರೆಯ ಆಚೆ ತಂತಿ ಕಟ್ಟಿದ ಕೊಂಡಿಯ) ಉಂಗುರ ಸರಿಸಿ ನವಿರಾಗಿ ತಿದ್ದಿಕೊಂಡರಾಯಿತು. ಒಂದು ಹೆಚ್ಚುವರಿ ಸಾರಣಿ ತಂತಿಯನ್ನು ಚೀಲದಲ್ಲಿ ಇಟ್ಟುಕೊಳ್ಳಿ.